ಗುಲಾಬಿನಿಂದ ಜುಲಾಬಿಗೆ: ಪಾರಸೀಕ ವೈದ್ಯದಲ್ಲಿ ಮಲಬದ್ಧತೆಯ ಮದ್ದು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಾಗ ಇಬ್ಬರು ಮೂವರು ನಕ್ಕರು. ನಗಲಿ, ಬೇಸರವಿಲ್ಲ. ಮಲಬದ್ಧತೆ ಎಂಬುದು ಸಭೆಯಲ್ಲಿ ಆಡುವ ಮಾತಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಜ್ವರ ಬಂದರೆ ಹೇಳುತ್ತೇವೆ, ಹಲ್ಲು ನೋಯುತ್ತಿದ್ದರೆ ಹೇಳುತ್ತೇವೆ. ಹೊಟ್ಟೆ ಕಟ್ಟಿದೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಹೇಳದೆ ಏನು ಮಾಡುತ್ತೇವೆ? ರಾತ್ರಿ ಊಟವಾದ ಮೇಲೆ ಚೂರ್ಣದ ಡಬ್ಬಿಯನ್ನು ತೆಗೆದು, ಒಂದು ಚಮಚ ಬಾಯಿಗೆ ಹಾಕಿ, ನೀರು ಕುಡಿದು ಮಲಗುತ್ತೇವೆ. ಮರುದಿನವೂ ಅದೇ, ಮರುವರ್ಷವೂ ಅದೇ.

ನಾವು ವೈದ್ಯರಲ್ಲ; ಮೆಟ್ರಿಕ್ ಪಾಸಾದ ಗುಮಾಸ್ತರು. ಆದುದರಿಂದ ಇಲ್ಲಿ ಯಾರಿಗೂ ಮದ್ದು ಕೊಡಲು ನಿಂತಿಲ್ಲ. ಓದಿದ್ದನ್ನು ಒಪ್ಪಿಸಲು ನಿಂತಿದ್ದೇವೆ. ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವೂ ಇದೆ. ಆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ದಿನವೂ ಸಂಜೆ ಕುಳಿತು ಊರಿನ ಪತ್ರಿಕೆ ಓದುತ್ತಿದ್ದ ನಮ್ಮ ಸದಸ್ಯರೊಬ್ಬರನ್ನು ನೀವೆಲ್ಲ ಬಲ್ಲಿರಿ. ಹೆಸರು ಬೇಡ. ಅವರ ಮಾತನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಒಂದು ಪದದ ಕಥೆ. ಭೇದಿಯ ಮದ್ದಿಗೆ ನಮ್ಮ ಹಿರಿಯರು ಜುಲಾಬು ಎನ್ನುತ್ತಾರೆ. ಈ ಊರಿನ ಮರಾಠಿ ಜನರೂ ಹಾಗೆಯೇ ಎನ್ನುತ್ತಾರೆ. ಆ ಮಾತು ನಮ್ಮದೂ ಅಲ್ಲ, ಅವರದೂ ಅಲ್ಲ. ಅದು ಇರಾನದಿಂದ ಬಂದದ್ದು. ಪಾರಸಿ ಭಾಷೆಯಲ್ಲಿ ಗುಲ್ ಎಂದರೆ ಹೂವು, ಅದರಲ್ಲಿಯೂ ಗುಲಾಬಿ. ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ಅರಬ್ಬಿ ಬರಹದಲ್ಲಿ ಗಕಾರವಿಲ್ಲದ ಕಾರಣ ಅದು ಅಲ್ಲಿ ಜುಲ್ಲಾಬ್ ಆಯಿತು. ಪನ್ನೀರಿಗೆ ಸಕ್ಕರೆ ಹಾಕಿ ಮಾಡಿದ ಪಾನಕಕ್ಕೆ ಆ ಕಾಲದ ವೈದ್ಯರು ಇಟ್ಟ ಹೆಸರು ಅದು. ಅದೇ ಹೆಸರು ಊರಿಂದೂರಿಗೆ ನಡೆದು ನಮ್ಮ ಕಡೆಗೆ ಬರುವ ಹೊತ್ತಿಗೆ, ಹೊಟ್ಟೆಯನ್ನು ಕಿವುಚಿ ಹತ್ತು ಬಾರಿ ಓಡಿಸುವ ಮದ್ದಿನ ಹೆಸರಾಗಿ ನಿಂತಿತು.

ಹೊರಟದ್ದು ಪನ್ನೀರು, ತಲುಪಿದ್ದು ಭೇದಿ. ನಮ್ಮ ಅಭ್ಯಾಸದ ಕಥೆಯೂ ಇದೇ. ಮೃದುವಾದದ್ದರಿಂದ ಆರಂಭಿಸಬೇಕಾದ ಕಡೆ ನಾವು ಕಟುವಾದದ್ದರಿಂದ ಆರಂಭಿಸುತ್ತೇವೆ. ಪಾರಸೀಕ ವೈದ್ಯರು ಸಾವಿರ ವರ್ಷಗಳ ಹಿಂದೆ ಇದನ್ನೇ ಬೇಡವೆಂದರು. ಇಂದು ಹೇಳಬೇಕಾದ ಮುಖ್ಯ ವಿಷಯ ಇದೊಂದೇ.

ಈ ವೈದ್ಯರು ಯಾರು? ಇಬ್ಬರು ಮೂವರ ಹೆಸರು ಹೇಳಿದರೆ ಸಾಕು. ಇಂದಿನ ತೆಹರಾನದ ಪಕ್ಕದಲ್ಲಿರುವ ರೇ ಎಂಬ ಪಟ್ಟಣದ ರಾಝಿ ಒಬ್ಬನು. ಇವನ ಕಾಲ ಸುಮಾರು 865ರಿಂದ 925. ತನ್ನ ಊರಿನಲ್ಲಿಯೂ ಬಾಗದಾದಿನಲ್ಲಿಯೂ ಆಸ್ಪತ್ರೆಗಳ ಮುಖ್ಯಸ್ಥನಾಗಿದ್ದವನು; ರೋಗಿಗಳನ್ನು ಕಣ್ಣಾರೆ ನೋಡಿ ಬರೆದಿಟ್ಟವನು. ಎರಡನೆಯವನು ಬುಖಾರಾದ ಬಳಿ 980ರಲ್ಲಿ ಹುಟ್ಟಿ 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡ ಇಬ್ನ್ ಸೀನಾ. ಯುರೋಪಿನವರು ಅವಿಸೆನ್ನಾ ಎಂದು ಕರೆಯುವುದು ಇವನನ್ನೇ. ಇವನು ಅರಬ್ಬಿಯಲ್ಲಿ ಬರೆದ ಐದು ಭಾಗಗಳ ದೊಡ್ಡ ವೈದ್ಯಗ್ರಂಥದ ಹೆಸರು ಕಾನೂನ್. ನಾವು ಕೋರ್ಟು ಕಚೇರಿಗಳಲ್ಲಿ ಹೇಳುವ ಕಾನೂನು ಎಂಬ ಮಾತೇ ಅದು. ಅದರ ಎರಡನೆಯ ಭಾಗ ಪೂರ್ತಿ ಒಂಟಿ ಔಷಧಗಳಿಗೆ, ಐದನೆಯದು ಕೂಡಿಸಿ ಮಾಡುವ ಔಷಧಗಳಿಗೆ ಮೀಸಲು. ಮೂರನೆಯವನು 12ನೆಯ ಶತಮಾನದ ಜುರ್ಜಾನಿ. ಪಂಡಿತರ ಅರಬ್ಬಿಯನ್ನು ಬಿಟ್ಟು ಜನರ ಪಾರಸಿಯಲ್ಲಿ ದೊಡ್ಡ ವೈದ್ಯಕೋಶವನ್ನು ಬರೆದವನು.

ಕನ್ನಡ ನಾಡಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಕ್ಯಾಸ್ಪಿಯನ್ ಸಮುದ್ರದ ತೆಂಕಣ ದಡದ ಕಡೆಯ ಅಸ್ತರಾಬಾದಿನವನೊಬ್ಬನು ನಮ್ಮ ವಿಜಾಪುರದಲ್ಲಿ, ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿದ್ದನು. ಅವನೇ ಇತಿಹಾಸಕಾರ ಫಿರಿಶ್ತಾ. ಅವನ ಇತಿಹಾಸವನ್ನು ಎಲ್ಲರೂ ಬಲ್ಲರು. ಅವನು ಹಿಂದೂಸ್ಥಾನದ ವೈದ್ಯವನ್ನು ಕುರಿತು ಪಾರಸಿಯಲ್ಲಿ ಒಂದು ಗ್ರಂಥವನ್ನೂ ಬರೆದನೆಂಬುದನ್ನು ಬಲ್ಲವರು ಕಡಮೆ. ಅವರ ವಿದ್ಯೆ ಇಲ್ಲಿಗೆ, ನಮ್ಮ ವಿದ್ಯೆ ಅಲ್ಲಿಗೆ, ಹೀಗೆ ಹೋಗಿಬರುವ ದಾರಿಯಲ್ಲಿ ವಿಜಾಪುರವೂ ಒಂದು ನಿಲ್ದಾಣವಾಗಿತ್ತು. ಇನ್ನು ಗುಮಾಸ್ತ, ಕಾರಕೂನ, ದವಾಖಾನೆ ಎಂಬ ಮಾತುಗಳೂ ಪಾರಸಿಯ ದಾರಿಯಿಂದಲೇ ಬಂದವು. ನಮ್ಮ ಹುದ್ದೆಯ ಹೆಸರೇ ಅವರದು. ಅವರ ಮಾತನ್ನು ಒಂದು ತಾಸು ಕೇಳಿದರೆ ತಪ್ಪೇನೂ ಇಲ್ಲ.

ಹೊಟ್ಟೆ ಏಕೆ ಕಟ್ಟುತ್ತದೆ? ಪಾರಸಿಯಲ್ಲಿ ಈ ತೊಂದರೆಗೆ ಯುಬೂಸತ್ ಎನ್ನುತ್ತಾರೆ. ಹಾಗೆಂದರೆ ಒಣಗಿರುವಿಕೆ. ಹೆಸರಿನಲ್ಲಿಯೇ ಅರ್ಧ ಕಾರಣ ಸಿಕ್ಕಿಬಿಡುತ್ತದೆ. ನಾವು ಬೀದಿಯಲ್ಲಿ ಕೇಳುವ ಕಬ್ಜ್ ಎಂಬ ಮಾತು ಅರಬ್ಬಿಯದು. ಅದಕ್ಕೆ ಬಿಗಿಯಾಗಿ ಹಿಡಿಯುವುದೆಂದು ಅರ್ಥ. ಒಂದು ಹೆಸರು ಒಣಗುವುದನ್ನು ಹೇಳಿತು, ಇನ್ನೊಂದು ಬಿಗಿಯುವುದನ್ನು ಹೇಳಿತು.

ಅವರ ಶಾಸ್ತ್ರದಂತೆ ದೇಹದಲ್ಲಿ ನಾಲ್ಕು ರಸಗಳು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಪ್ರತಿಯೊಂದು ಅಂಗಕ್ಕೂ ನಾಲ್ಕು ಶಕ್ತಿಗಳು: ಎಳೆದುಕೊಳ್ಳುವುದು, ಹಿಡಿದಿಡುವುದು, ಅರಗಿಸುವುದು, ಹೊರಗೆ ತಳ್ಳುವುದು. ತಳ್ಳುವ ಶಕ್ತಿ ಸೊರಗಿದರೆ, ಕರುಳಿನಲ್ಲಿ ತೇವ ಕಡಮೆಯಾದರೆ, ತಿನ್ನುವುದು ಒಣಗಿದ್ದಾದರೆ ಅಥವಾ ತೀರ ಸ್ವಲ್ಪವಾದರೆ, ಪಿತ್ತವು ಕರುಳಿಗೆ ಸರಿಯಾಗಿ ಇಳಿಯದಿದ್ದರೆ ಹೊಟ್ಟೆ ಕಟ್ಟುತ್ತದೆಂದು ಅವರು ವಿಂಗಡಿಸಿದರು. ನಾಲ್ಕು ರಸಗಳ ಲೆಕ್ಕವನ್ನು ಇಂದಿನ ವೈದ್ಯ ಒಪ್ಪುವುದಿಲ್ಲ. ಆದರೆ ಒಣ ಆಹಾರ, ಕಡಮೆ ನೀರು, ನಿಧಾನವಾಗಿ ನಡೆಯುವ ಕರುಳು ಎಂಬ ಕಾರಣಗಳನ್ನು ಇಂದಿನವರೂ ಹೇಳುತ್ತಾರೆ.

ಇನ್ನೊಂದು ಮಾತು ನಮಗೆ ಬಹಳ ಹಿಡಿಸಿತು. ಆರೋಗ್ಯಕ್ಕೆ ಆರು ಅವಶ್ಯಕಗಳುಂಟೆಂದು ಆ ವೈದ್ಯರ ಮತ: ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮನಸ್ಸಿನ ಉದ್ವೇಗ ಮತ್ತು ಶಾಂತಿ, ಆರನೆಯದು, ದೇಹ ಇಟ್ಟುಕೊಳ್ಳಬೇಕಾದುದನ್ನು ಇಟ್ಟುಕೊಂಡು ಬಿಡಬೇಕಾದುದನ್ನು ಬಿಡುವುದು. ಬಹಿರ್ದೆಸೆಯನ್ನು ಗಾಳಿ, ಅನ್ನ, ನಿದ್ದೆಗಳ ಸಾಲಿನಲ್ಲಿ ಕೂರಿಸಿದರು. ನಾಚಿಕೆಯ ವಿಷಯವೆಂದು ಮೂಲೆಗೆ ತಳ್ಳಲಿಲ್ಲ. ಕರೆ ಬಂದಾಗ ತಡೆಹಿಡಿಯುವುದೂ ರೋಗಕ್ಕೆ ಕಾರಣವೆಂದು ಎಚ್ಚರಿಸಿದರು.

ಈ ಮಾತು ಚಾಳಿನಲ್ಲಿ ವಾಸಿಸುವವರಿಗೆ ಬೇಗ ಅರ್ಥವಾಗುತ್ತದೆ. ಒಂದು ಮಾಳಿಗೆಗೆ ಎರಡೋ ಮೂರೋ ಸಂಡಾಸು. ಬೆಳಗ್ಗೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತು, ನಮ್ಮ ಸರದಿ ಬರುವ ಮೊದಲೇ ಲೋಕಲ್ ಗಾಡಿಯ ಹೊತ್ತಾಗುತ್ತದೆ. ಸಂಜೆ ನೋಡೋಣವೆಂದು ಓಡುತ್ತೇವೆ. ಒಳಗೆ ಹೋದರೂ ಹೊರಗಿನವನು ಬಾಗಿಲು ಬಡಿಯುತ್ತಾನೆ. ಹೀಗೆ ವರ್ಷಗಟ್ಟಲೆ ತಡೆದರೆ ಕರೆಯೇ ಮಂದವಾಗುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ರೋಗಕ್ಕೆ ಮೂಲ ಸಾಲಿನಲ್ಲಿದೆ. ನಾವು ಮದ್ದನ್ನು ಡಬ್ಬಿಯಲ್ಲಿ ಹುಡುಕುತ್ತಿದ್ದೇವೆ.

ಇನ್ನು ಮದ್ದಿನ ವಿಷಯ. ಆಹಾರದಿಂದ ಗುಣವಾಗುವಲ್ಲಿ ಔಷಧ ಕೊಡಬಾರದು, ಒಂಟಿ ಔಷಧ ಸಾಕಾಗುವಲ್ಲಿ ಕೂಡಿಸಿದ ಔಷಧ ಕೊಡಬಾರದು ಎಂಬ ನಿಯಮ ರಾಝಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಇದನ್ನು ಒಂದು ಏಣಿಯೆಂದು ಭಾವಿಸೋಣ. ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕು. ಕೆಲಸವಾದ ಕಡೆಯೇ ನಿಲ್ಲಬೇಕು.

ಮೊದಲನೆಯ ಮೆಟ್ಟಿಲು ಊಟ. ಒಣಗಿದ್ದರೆ ತೇವ ಮಾಡು, ಬಿಗಿದಿದ್ದರೆ ಸಡಿಲಿಸು ಎಂಬುದು ಇಲ್ಲಿಯ ಸೂತ್ರ. ಒಣ ರೊಟ್ಟಿಯನ್ನು ಬಿಟ್ಟು ಜಿಡ್ಡಿರುವ ಸಾರಿನಲ್ಲಿ ನೆನೆಸಿ ತಿನ್ನಬೇಕು. ಸೊಪ್ಪು, ಬೀಟ್ರೂಟಿನಂಥ ಗೆಡ್ಡೆ ತಿನ್ನಬೇಕು. ಇರಾನಿನ ಮನೆಗಳಲ್ಲಿ ಇಂದಿಗೂ ಪಾಲಕ ಸೊಪ್ಪು, ಒಣ ಆಲೂ ಹಣ್ಣು ಸೇರಿಸಿ ಬೇಯಿಸುವ ಒಂದು ಮೇಲೋಗರವುಂಟು. ಅದು ಊಟವೂ ಹೌದು, ಮದ್ದೂ ಹೌದು. ಒಣ ಅಂಜೂರವನ್ನೂ ದ್ರಾಕ್ಷಿಯನ್ನೂ ರಾತ್ರಿ ನೀರಿನಲ್ಲಿ ನೆನೆಸಿ ಬೆಳಗ್ಗೆ ತಿನ್ನುವ ಪದ್ಧತಿಯೂ ಈ ಮೆಟ್ಟಿಲಿನದೇ. ಒಗರಾದ ಹಣ್ಣುಗಳು, ಅಂದರೆ ದಾಳಿಂಬೆ ಮುಂತಾದವು, ಹೊಟ್ಟೆ ಕಟ್ಟುವ ಗುಂಪಿಗೆ ಸೇರಿದವೆಂದು ಎಚ್ಚರಿಸುತ್ತಿದ್ದರು.

ಎರಡನೆಯ ಮೆಟ್ಟಿಲು ಮೃದುಕಾರಿಗಳು. ಇವಕ್ಕೆ ಅವರ ಶಾಸ್ತ್ರದಲ್ಲಿ ಮುಲಯ್ಯಿನ್ ಎಂದು ಹೆಸರು. ಹೊರಗೆ ದಬ್ಬುವ ಮದ್ದಲ್ಲ. ಮೆತ್ತಗೆ ಮಾಡುವ ಮದ್ದು. ಇದರಲ್ಲಿ ಮೊದಲ ಸ್ಥಾನ ಗುಲಾಬಿಯದು. ಗುಲಾಬಿಯ ದಳಗಳನ್ನು ಜೇನಿನಲ್ಲಿ ಕಳಿಸಿದರೆ ಗುಲಂಗಬೀನ್. ಸಕ್ಕರೆಯಲ್ಲಿ ಅರೆದು ಬಿಸಿಲಿಗಿಟ್ಟು ಕಳಿಸಿದರೆ ಗುಲ್‌ಕಂದ್. ಗುಲ್ ಎಂದರೆ ಹೂವು, ಕಂದ್ ಎಂದರೆ ಸಕ್ಕರೆ. ಈ ಊರಿನ ಪಾನಪಟ್ಟಿಯವನು ಎಲೆಗೆ ಸವರಿ ಕೊಡುವ ಗುಲ್ಕಂದು ಇದೇ. ಮದ್ದನ್ನು ಬಾಯಿಚಪಲವೆಂದು ತಿಂದು, ಚಪಲದ ಎಲೆಯ ಜೊತೆಗೆ ತಂಬಾಕನ್ನೂ ತಿಂದು ಇದ್ದ ಗುಣವನ್ನೂ ಕಳೆದುಕೊಳ್ಳುತ್ತೇವೆ.

ಗುಲಾಬಿಯ ನಂತರ ಬನಫ್ಷಾ ಎಂಬ ನೇರಳೆ ಬಣ್ಣದ ಸಣ್ಣ ಹೂವು. ಅದರ ಕಷಾಯವನ್ನೂ ಪಾನಕವನ್ನೂ ಮಾಡುತ್ತಿದ್ದರು. ಆಮೇಲೆ ಆಲೂಬುಖಾರಾ. ಬುಖಾರಾದ ಆಲೂ ಎಂದು ಊರಿನ ಹೆಸರನ್ನೇ ಹೊತ್ತು ಬಂದ ಹಣ್ಣು. ಆಮೇಲೆ ಬಾದಾಮಿ ಎಣ್ಣೆ. ಆಮೇಲೆ ತುರಂಜಬೀನ್ ಮತ್ತು ಶೀರ್‌ಖಿಶ್ತ್ ಎಂಬ ಎರಡು ವಿಚಿತ್ರ ಪದಾರ್ಥಗಳು. ಒಂಟೆಗಳು ಮೇಯುವ ಒಂದು ಜಾತಿಯ ಮುಳ್ಳುಗಿಡದ ಮೇಲೆ ಸಕ್ಕರೆಯ ಹರಳಿನಂತೆ ಕಟ್ಟುವ ಸಿಹಿಯನ್ನು ಕೊಡವಿ ಕೂಡಿಡುವುದು ತುರಂಜಬೀನ್. ಇನ್ನೊಂದು ಪೊದೆಯಿಂದ ಬರುವುದು ಶೀರ್‌ಖಿಶ್ತ್. ಮಕ್ಕಳಿಗೂ ಮುದುಕರಿಗೂ ಒಗ್ಗುವ ಸೌಮ್ಯ ಮದ್ದುಗಳೆಂದು ಇವಕ್ಕೆ ಹೆಸರು. ಇರಾನಿನ ಪೇಟೆಗಳಲ್ಲಿ ಗಿಡಮೂಲಿಕೆ ಮಾರುವ ಅತ್ತಾರರ ಅಂಗಡಿಗಳಲ್ಲಿ ಇಂದಿಗೂ ಇವು ಸಿಗುತ್ತವೆ. ನಿಶಾಪುರದ ಮಹಾಕವಿ ಅತ್ತಾರನಿಗೆ ಆ ಹೆಸರು ಬಂದದ್ದು ಇದೇ ಕಸುಬಿನಿಂದ.

ನಮ್ಮ ಹುಣಿಸೆ ಹಣ್ಣೂ ಈ ಮೆಟ್ಟಿಲಿನಲ್ಲಿದೆ. ಅದಕ್ಕೆ ಅವರು ಇಟ್ಟ ಹೆಸರು ತಮರ್ ಹಿಂದಿ, ಅಂದರೆ ಹಿಂದೂಸ್ಥಾನದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಎಂಬುದೂ ಅದರಿಂದಲೇ ಹುಟ್ಟಿತು. ನಾವು ಸಾರಿಗೆ ಹಾಕುವುದನ್ನು ಅವರು ಪಿತ್ತದ ಬಿಸಿಗೂ ಕಟ್ಟಿದ ಹೊಟ್ಟೆಗೂ ಪಾನಕ ಮಾಡಿ ಕೊಟ್ಟರು.

ಇಸಬಗೋಲಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಅಸ್ಪ್ ಎಂದರೆ ಕುದುರೆ. ಆ ಸಣ್ಣ ಬೀಜದ ಆಕಾರ ಕುದುರೆಯ ಕಿವಿಯಂತಿರುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಹೆಸರು ಪಾರಸಿಯದಾದರೂ ಬೆಳೆ ಇಂದು ನಮ್ಮ ಗುಜರಾತಿನದು. ಅಲ್ಲಿಯ ಉಂಝಾ ಪೇಟೆ ಇದರ ವ್ಯಾಪಾರಕ್ಕೆ ಹೆಸರಾದದ್ದು. ಬೀಜದ ಹೊಟ್ಟು ನೀರು ಕುಡಿದು ಉಬ್ಬಿ ಲೋಳೆಯಾಗಿ ಮಲವನ್ನು ಮೆತ್ತಗೆ ಮಾಡುತ್ತದೆ. ಇಂದಿನ ಡಾಕ್ಟರುಗಳೂ ಒಪ್ಪಿದ ಮದ್ದು ಇದು. ಆದರೆ ಒಂದು ಎಚ್ಚರಿಕೆ: ತುಂಬಿದ ಲೋಟ ನೀರಿಲ್ಲದೆ ಇದನ್ನು ತೆಗೆದುಕೊಳ್ಳಲೇಬಾರದು. ಒಣ ಹೊಟ್ಟನ್ನು ಬಾಯಿಗೆ ಸುರಿದುಕೊಂಡರೆ ಗಂಟಲಿನಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳಬಹುದು. ನೀರು ಸಾಲದಿದ್ದರೆ ಕಟ್ಟಿದ ಹೊಟ್ಟೆ ಇನ್ನೂ ಕಟ್ಟಬಹುದು. ಬೇರೆ ಮಾತ್ರೆಗಳನ್ನು ನುಂಗುವ ಹೊತ್ತಿಗೂ ಇದಕ್ಕೂ ಒಂದೆರಡು ತಾಸಿನ ಅಂತರವಿರಬೇಕು.

ಮೂರನೆಯ ಮೆಟ್ಟಿಲಿನಲ್ಲಿ ಕಕ್ಕೆಕಾಯಿ. ಬೇಸಗೆಯಲ್ಲಿ ಹಳದಿ ಹೂವಿನ ಗೊಂಚಲು ಇಳಿಬಿಡುವ ನಮ್ಮ ಕಕ್ಕೆಮರವೇ. ಮೊಳದುದ್ದದ ಅದರ ಕರಿಕಾಯಿಗೆ ಪಾರಸಿಯಲ್ಲಿ ಖಿಯಾರ್ ಚಂಬರ್ ಎನ್ನುತ್ತಾರೆ. ಖಿಯಾರ್ ಎಂದರೆ ಸೌತೆಕಾಯಿ. ಕಾಯೊಳಗಿನ ಕಪ್ಪು ತಿರುಳು ಮಾತ್ರ ಮದ್ದು, ಬೀಜವಲ್ಲ. ಆ ತಿರುಳು ಅಂಟು. ಕರುಳಿಗೆ ಹಿಡಿದು ನೋವು ಮಾಡಬಾರದೆಂದು ಅದಕ್ಕೆ ಬಾದಾಮಿ ಎಣ್ಣೆ ಬೆರೆಸುತ್ತಿದ್ದರು. ಈ ಹಳೆಯ ಯೋಗವನ್ನು ಇರಾನಿನ ವೈದ್ಯರು ಈಚೆಗೆ ಪರೀಕ್ಷೆಗೂ ಒಡ್ಡಿದರು. ಮಲಬದ್ಧತೆಯಿದ್ದ 81 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಕ್ಕೆ ತಿರುಳಿನಿಂದ ಮಾಡಿದ ಔಷಧ, ಇನ್ನೊಂದಕ್ಕೆ ಆಸ್ಪತ್ರೆಗಳಲ್ಲಿ ಬಳಸುವ ಖನಿಜದ ಎಣ್ಣೆ ಕೊಟ್ಟು ನೋಡಿದರು. ಮೂರು ವಾರಗಳ ನಂತರ ಕಕ್ಕೆಯ ಗುಂಪಿನವರೇ ಹೆಚ್ಚು ಗುಣ ಕಂಡರೆಂದು 2012ರಲ್ಲಿ ಪ್ರಕಟಿಸಿದರು. ಒಂದು ಸಣ್ಣ ಪರೀಕ್ಷೆಯಿಂದ ಎಲ್ಲವೂ ಸಿದ್ಧವಾಗುವುದಿಲ್ಲ. ಆದರೂ ಹಳೆಯದೆಂದು ತಳ್ಳದೆ, ಹಳೆಯದೆಂಬ ಕಾರಣಕ್ಕೇ ನಂಬದೆ ಅಳೆದು ನೋಡಿದರಲ್ಲ, ಆ ದಾರಿ ಸರಿಯಾದದ್ದು. ಇದನ್ನು ಕೇಳಿ ಯಾರೂ ಮರದಿಂದ ಕಾಯಿ ಕಿತ್ತು ಮಕ್ಕಳಿಗೆ ಕೊಡಬೇಡಿ. ಅಲ್ಲಿ ವೈದ್ಯರು ಎದುರಿಗಿದ್ದು ಅಳತೆಯಂತೆ ಕೊಟ್ಟದ್ದು.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಭೇದಿ ಮದ್ದುಗಳು, ಅವರ ಮಾತಿನಲ್ಲಿ ಮುಸ್‌ಹಿಲ್. ಸನಾ, ಲೋಳೆಸರದ ಕಹಿ ರಸ ಒಣಗಿಸಿದ ಸಿಬರ್, ತಿಗಡೆ ಬೇರು ಮುಂತಾದವು ಇಲ್ಲಿವೆ. ಸನಾ ಎಂದರೆ ನಮ್ಮ ನೆಲಾವರಿಕೆ. ಅಂಗಡಿಯವರು ಸೋನಾಮುಖಿ ಎನ್ನುವುದು. ನಮ್ಮ ದೇಶದಲ್ಲಿ ತಮಿಳುನಾಡಿನ ತಿರುನೆಲ್ವೇಲಿಯ ಕಡೆ ಬೆಳೆಯುವ ಇದರ ಎಲೆ ಹೊರದೇಶಗಳಿಗೂ ಹೋಗುತ್ತದೆ.

ಈ ಮೆಟ್ಟಿಲಿಗೆ ಹತ್ತುವ ಮುನ್ನ ಪಾರಸೀಕ ವೈದ್ಯರು ಎಷ್ಟು ಹಿಂದುಮುಂದು ನೋಡುತ್ತಿದ್ದರೆಂಬುದನ್ನು ಗಮನಿಸಬೇಕು. ಮೊದಲು ಕೆಲವು ದಿನ ಮುಂಜಿಜ್ ಎಂಬ ಪಕ್ವಗೊಳಿಸುವ ಕಷಾಯ ಕೊಟ್ಟು ದೇಹವನ್ನು ಅಣಿಮಾಡಬೇಕು. ಕಡು ಬೇಸಗೆ, ಕಡು ಚಳಿಗಳಲ್ಲಿ ಕೊಡಬಾರದು. ಕೃಶರಿಗೆ, ಮುದುಕರಿಗೆ, ಮಕ್ಕಳಿಗೆ, ಬಸುರಿಯರಿಗೆ ಕೊಡುವಾಗ ನೂರು ಬಾರಿ ಯೋಚಿಸಬೇಕು. ಮದ್ದಿನ ಜೊತೆಗೆ ಅದರ ದೋಷವನ್ನು ತಿದ್ದುವ ಇನ್ನೊಂದು ವಸ್ತುವನ್ನೂ ಸೇರಿಸಬೇಕು. ಸನಾ ಹೊಟ್ಟೆ ನುಲಿಸುತ್ತದೆಂದು ಅದಕ್ಕೆ ಗುಲಾಬಿ ದಳ, ಬಾದಾಮಿ ಎಣ್ಣೆ. ನಿತ್ಯ ತಿನ್ನುವ ಪದಾರ್ಥವೆಂದು ಅವರು ಇದನ್ನು ಎಣಿಸಲಿಲ್ಲ.

ನಮ್ಮ ತ್ರಿಫಲೆಯ ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಅಳಲೆ, ತಾರೆ, ನೆಲ್ಲಿಗಳ ಈ ಕೂಟ ಪಶ್ಚಿಮಕ್ಕೆ ಹೋಗಿ ಇತ್ರೀಫಲ್ ಎಂಬ ಹೆಸರಿನ ಲೇಹ್ಯಗಳ ಒಂದು ಕುಲವೇ ಆಯಿತು. ತ್ರಿಫಲ ಎಂಬುದು ಅರಬ್ಬರ ನಾಲಗೆಯಲ್ಲಿ ಹಾಗಾಯಿತು. ಅಳಲೆಕಾಯಿ ರೂಕ್ಷವಾದದ್ದು, ಒಣಗಿಸುತ್ತದೆ ಎಂದು ಅವರು ಅದರ ಪುಡಿಯನ್ನು ಬಾದಾಮಿ ಎಣ್ಣೆಯಲ್ಲಿ ತಿಕ್ಕಿ, ಆಮೇಲೆ ಜೇನಿನಲ್ಲಿ ಕಲಸಿದರು. ನಮ್ಮ ವಸ್ತುವನ್ನು ಕೊಂಡುಹೋದವರು ಹೆಚ್ಚು ಜೋಪಾನದಿಂದ ಬಳಸಿದರು. ಅವರ ವಸ್ತುವನ್ನು ಪಡೆದ ನಾವು ಜೋಪಾನವನ್ನು ಬಿಟ್ಟು ವಸ್ತುವನ್ನಷ್ಟೇ ಉಳಿಸಿಕೊಂಡೆವು.

ರಾತ್ರಿ ನುಂಗುವ ಚೂರ್ಣಗಳ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ಅನೇಕ ಚೂರ್ಣಗಳಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಈ ಸೋನಾಮುಖಿಯೇ. ಆಯುರ್ವೇದದ್ದು, ಗಿಡದ್ದು, ಏನೂ ಮಾಡುವುದಿಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಅದು ಕೆಲಸ ಮಾಡುವ ಬಗೆ ಹೀಗಿದೆ. ಎಲೆಯಲ್ಲಿರುವ ಸತ್ವ ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಒಡೆದು ಬಂದ ವಸ್ತು ಕರುಳನ್ನು ಕೆರಳಿಸಿ ನೂಕಿಸುತ್ತದೆ; ನೀರು ಹಿಂದಕ್ಕೆ ಹೀರಿಕೊಳ್ಳದಂತೆಯೂ ತಡೆಯುತ್ತದೆ. ಇದಕ್ಕೆಲ್ಲ 6ರಿಂದ 12 ತಾಸು ಬೇಕು. ಆದುದರಿಂದಲೇ ರಾತ್ರಿ ತಿಂದದ್ದು ಬೆಳಗ್ಗೆ ಕೆಲಸ ಮಾಡುತ್ತದೆ. ಕೆಲವು ದಿನಗಳ ಮಟ್ಟಿಗೆ ಇದು ಒಳ್ಳೆಯ ಮದ್ದೇ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಅಳತೆಮೀರಿ ತಿಂದರೆ ಹೊಟ್ಟೆ ನುಲಿತ, ನೀರಿನ ಮತ್ತು ಲವಣಗಳ ನಷ್ಟ, ಅದರಿಂದ ನಿಶ್ಶಕ್ತಿ ಬರಬಹುದು. ಇವೆಲ್ಲಕ್ಕಿಂತ ದೊಡ್ಡದೊಂದು ಅಪಾಯವುಂಟು. ಅದನ್ನು ಹೇಳಲು ಈಗ ನಮ್ಮ ಸದಸ್ಯರ ಮಾತಿಗೆ ಬರಬೇಕು.

ಅವರಿಗೆ ಐವತ್ತೆರಡು ವರ್ಷ. ಎಷ್ಟೋ ವರ್ಷಗಳಿಂದ ರಾತ್ರಿ ಚೂರ್ಣ ತಿನ್ನುತ್ತಿದ್ದರು. ಅದನ್ನು ಮುಚ್ಚಿಡಲೂ ಇಲ್ಲ. ತಮಾಷೆ ಮಾಡಿಯೇ ಹೇಳುತ್ತಿದ್ದರು. ಒಂದು ಚಮಚ ಎರಡಾಯಿತು. ನಡುವೆ ರಕ್ತ ಕಂಡಿತು. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿಕೊಂಡರು, ನಾವೂ ತಲೆಯಾಡಿಸಿದೆವು. ಷರಾಯಿ ಸಡಿಲವಾಯಿತು. ಈ ಊರಿನ ಊಟವೇ ಹೀಗೆ ಎಂದು ನಕ್ಕರು. ಕೊನೆಗೆ ಹೊಟ್ಟೆನೋವು ತಾಳದೆ ಆಸ್ಪತ್ರೆಗೆ ಹೋದಾಗ, ದೊಡ್ಡ ಕರುಳಿನಲ್ಲಿ ಗಡ್ಡೆ ಬೆಳೆದು ಯಕೃತ್ತಿಗೂ ಹಬ್ಬಿದೆಯೆಂದು ತಿಳಿಯಿತು. ಮೊದಲು ಬರಬೇಕಾಗಿತ್ತು ಎಂದರಂತೆ ವೈದ್ಯರು. ಅವರು ಊರಿಗೆ ಹೋದರು, ಹಿಂದಿರುಗಲಿಲ್ಲ. ಅವರು ಎರವಲು ಒಯ್ದ ಪುಸ್ತಕವನ್ನು ಮಗ ಅಂಚೆಯಲ್ಲಿ ಕಳಿಸಿಕೊಟ್ಟ.

ಚೂರ್ಣ ಆ ರೋಗವನ್ನು ತಂದಿತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಚೂರ್ಣ ಅದನ್ನು ಮುಚ್ಚಿಟ್ಟಿತು, ಅಷ್ಟೆ. ಮುಚ್ಚಿಡುವುದರಲ್ಲಿ ಅವರ ನಾಚಿಕೆಯೂ ಪಾಲುಗೊಂಡಿತು, ನಮ್ಮ ನಾಚಿಕೆಯೂ ಪಾಲುಗೊಂಡಿತು. ರಕ್ತವೆಂದು ಅವರು ಹೇಳಿದ ದಿನ ಈ ಕೋಣೆಯಲ್ಲಿ ನಾಲ್ಕು ಮಂದಿ ಇದ್ದೆವು. ಡಾಕ್ಟರರ ಬಳಿಗೆ ಹೋಗೋಣ ನಡೆಯಿರಿ ಎಂದು ಒಬ್ಬರೂ ಎದ್ದು ನಿಲ್ಲಲಿಲ್ಲ.

ಆದುದರಿಂದ ಈ ಲಕ್ಷಣಗಳನ್ನು ದಯವಿಟ್ಟು ನೆನಪಿಡಿ. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಾಲ್ವತ್ತೈದು ಐವತ್ತು ದಾಟಿದವರಿಗೆ ಹೊಸದಾಗಿ ಹೊಟ್ಟೆ ಕಟ್ಟತೊಡಗುವುದು, ಅಥವಾ ಒಂದು ದಿನ ಕಟ್ಟಿ ಒಂದು ದಿನ ಸಡಿಲವಾಗುವ ಹೊಸ ಕ್ರಮ, ಮನೆತನದಲ್ಲಿ ಯಾರಿಗಾದರೂ ಕರುಳಿನ ಗಡ್ಡೆಯಾಗಿದ್ದುದು. ಇವುಗಳಲ್ಲಿ ಯಾವುದೊಂದು ಇದ್ದರೂ ಗುಲ್ಕಂದೂ ಬೇಡ, ಚೂರ್ಣವೂ ಬೇಡ, ವೈದ್ಯರಿಗೆ ತೋರಿಸಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೊರಡದಿದ್ದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಆಗ ಭೇದಿ ಮದ್ದು ಕೊಡುವುದು ಪ್ರಾಣಕ್ಕೆ ಅಪಾಯ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆಗಳಿಂದಲೂ ಹೊಟ್ಟೆ ಕಟ್ಟುವುದುಂಟು. ಹಾಗಿದ್ದರೆ ಮಾತ್ರೆ ಕೊಟ್ಟ ವೈದ್ಯರಿಗೇ ತಿಳಿಸಬೇಕು.

ಇಂಥ ಲಕ್ಷಣಗಳು ಇಲ್ಲದವರು ಏಣಿಯ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬಹುದು. ಹೆಚ್ಚು ಖರ್ಚಿಲ್ಲ. ಖಾನಾವಳಿಯಲ್ಲಿ ಬರಿಯ ಅನ್ನ, ಪಾವು, ಚಹಾದಲ್ಲಿ ದಿನ ಕಳೆಯದೆ ಒಂದು ಹೊತ್ತಾದರೂ ಸೊಪ್ಪು, ಕಾಳು, ಜೋಳದ ರೊಟ್ಟಿ. ಕೆಲಸದ ಮೇಜಿನ ಮೇಲೆ ನೀರಿನ ಸೀಸೆ. ಎರಡು ನಿಲ್ದಾಣದ ಮೊದಲೇ ಇಳಿದು ನಡಿಗೆ. ನಾಲ್ಕು ಒಣ ದ್ರಾಕ್ಷಿ, ಎರಡು ಅಂಜೂರ ನೆನೆಹಾಕುವುದು. ಅದು ಸಾಲದಿದ್ದರೆ ಇಸಬಗೋಲು, ತುಂಬಿದ ಲೋಟ ನೀರಿನೊಂದಿಗೆ. ಗುಲ್ಕಂದಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದುಂಟು. ಸಕ್ಕರೆ ಕಾಯಿಲೆಯವರು ಮುಟ್ಟದಿರುವುದು ಲೇಸು. ಬಸುರಿಯರು, ಬಾಣಂತಿಯರು ಯಾವ ಮೂಲಿಕೆಯನ್ನಾದರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಎಳೆಗೂಸುಗಳಿಗೆ ಎಣ್ಣೆ ಕುಡಿಸಬೇಡಿ. ಅದು ಶ್ವಾಸಕ್ಕೆ ಹೋಗಬಹುದು. ವರ್ಷಗಳಿಂದ ಚೂರ್ಣ ತಿಂದವರು ಒಂದೇ ದಿನ ಬಿಟ್ಟು ಗಾಬರಿಯಾಗುವುದೂ ಬೇಡ. ವೈದ್ಯರ ಸಲಹೆ ಕೇಳಿ ಮೆಲ್ಲಗೆ ಇಳಿಸಿ.

ಬೆಳಗಿನ ಸಾಲಿಗೆ ಏನು ಮಾಡುವುದು? ಅದಕ್ಕೆ ಇಬ್ನ್ ಸೀನಾನ ಬಳಿಯೂ ಮದ್ದಿಲ್ಲ. ಒಂದು ಚಾಳಿನಲ್ಲಿ ನಮ್ಮವರು ಪಾಳಿ ಹಂಚಿಕೊಂಡಿದ್ದಾರೆ. ಬೇಗ ಹೊರಡುವವರಿಗೆ ಮೊದಲ ಅರ್ಧ ತಾಸು, ತಡವಾಗಿ ಹೊರಡುವವರಿಗೆ ಆಮೇಲೆ. ಒಳಗಿರುವವನ ಬಾಗಿಲು ಬಡಿಯಕೂಡದು. ಕೇಳಲು ಸಣ್ಣ ಮಾತು. ಆದರೆ ಒಬ್ಬನಿಗೆ ಹತ್ತು ನಿಮಿಷದ ನೆಮ್ಮದಿ ದೊರೆತರೆ ಅವನ ಡಬ್ಬಿಯ ಚಮಚ ಕಡಮೆಯಾಗಬಹುದು. ಉಳಿದ ಚಾಳುಗಳವರೂ ಇದನ್ನು ಮಾಡಿ ನೋಡಬಹುದು.

ಕೊನೆಯದಾಗಿ ಒಂದು ಏರ್ಪಾಡನ್ನು ತಿಳಿಸಿ ಮುಗಿಸುತ್ತೇವೆ. ನಮಗೆ ಪರಿಚಿತರಾದ ವೈದ್ಯರೊಬ್ಬರು ಮುಂದಿನ ಭಾನುವಾರ ಸಂಜೆ ವಾಚನಾಲಯಕ್ಕೆ ಬರಲು ಒಪ್ಪಿದ್ದಾರೆ. ಎದುರಿಗೆ ಕೇಳಲು ಸಂಕೋಚವಾಗುವವರು ಹೆಸರು ಬರೆಯದೆ ಚೀಟಿ ಬರೆದು, ಪುಸ್ತಕ ಹಿಂದಿರುಗಿಸುವ ಪೆಟ್ಟಿಗೆಯಲ್ಲಿ ಹಾಕಿ. ಕನ್ನಡದಲ್ಲಿಯೇ ಬರೆಯಿರಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ.

ಹಲಗೆಯನ್ನು ನೋಡಿ ನಕ್ಕವರ ಚೀಟಿಗಳೂ ಬರಲಿ.